‘ಸ್ವಲ್ಪ ಬುದ್ಧಿ ಹೇಳಿ’ ಎಂದು ಕರೆತಂದ ಮಗು

“ಇವನಿಗೆ ಸ್ವಲ್ಪ ಬುದ್ಧಿ ಹೇಳಿ ಮೇಡಂ.” ಮಕ್ಕಳ ಆಪ್ತಸಮಾಲೋಚಕರು ಈ ಮಾತನ್ನು ಎಷ್ಟು ಸಲ ಕೇಳಿರುತ್ತಾರೋ ಲೆಕ್ಕವಿಲ್ಲ. ಹೇಳುವವರು ತಾಯಿಯೋ ತಂದೆಯೋ ಆಗಿರುತ್ತಾರೆ. ‘ಇವನು’ ಎನಿಸಿಕೊಂಡ ಹುಡುಗ ಕುರ್ಚಿಯ ಅಂಚಿನಲ್ಲಿ ಕುಳಿತು ಅಂಗಿಯ ಗುಂಡಿಯನ್ನು ತಿರುಚುತ್ತಿರುತ್ತಾನೆ. ಬುದ್ಧಿ ಹೇಳುವವರಿಗೆ ಅವನ ಬದುಕಿನಲ್ಲಿ ಬರವೇನೂ ಇರುವುದಿಲ್ಲ. ಅಜ್ಜಿ, ದೊಡ್ಡಪ್ಪ, ತರಗತಿಯ ಮೇಷ್ಟ್ರು, ಟ್ಯೂಷನ್ ಮಿಸ್ಸು, ಪಕ್ಕದ ಮನೆಯ ಅಂಕಲ್ ಎಲ್ಲರೂ ತಮ್ಮ ತಮ್ಮ ಪಾಲಿನದನ್ನು ಹೇಳಿ ಮುಗಿಸಿದ ಮೇಲೆಯೇ ಅವನು ಇಲ್ಲಿಗೆ ಬಂದಿರುವುದು. ಆ ಸಾಲಿಗೆ ಇನ್ನೊಬ್ಬರು ಸೇರಿದರೆ ಏನೋ ಬದಲಾದೀತೆಂದು ನಂಬುವುದಕ್ಕೆ ಕಾರಣವಿಲ್ಲ, ಒಳ್ಳೆಯ ಸಮಾಲೋಚಕರು ಆ ಕೆಲಸಕ್ಕೆ ಕೈ ಹಾಕುವುದೂ ಇಲ್ಲ. ಅವರದು ಹೊರಗಿನಿಂದ ನೋಡಿದರೆ ಸುಮ್ಮನೆ ಮಾತನಾಡುತ್ತ ಕುಳಿತಂತೆ ಕಾಣುವ, ಒಳಗೆ ಸಾಕಷ್ಟು ಪತ್ತೇದಾರಿಕೆ ಇರುವ ಬೇರೆಯೇ ಕೆಲಸ.

ಯಾವ ನಿಜವಾದ ಮನೆಯದೂ ಅಲ್ಲದ, ಆದರೆ ಈ ಕ್ಷೇತ್ರದವರಿಗೆ ಚಿರಪರಿಚಿತವೆನಿಸುವ ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ. ತುಮಕೂರಿನ ಐದನೇ ತರಗತಿಯ ಹುಡುಗನೊಬ್ಬನಿಗೆ ಜೂನ್‌ನಿಂದ ಸೋಮವಾರ ಬೆಳಿಗ್ಗೆ ಹೊಟ್ಟೆನೋವು. ರಕ್ತಪರೀಕ್ಷೆ, ಸ್ಕ್ಯಾನಿಂಗ್, ಜಂತುಹುಳುವಿನ ಮಾತ್ರೆ ಎಲ್ಲವೂ ಆಗಿದೆ. ವೈದ್ಯರು ಏನೂ ಇಲ್ಲವೆಂದಿದ್ದಾರೆ. ಸೋಮವಾರ ಮೊದಲ ಪೀರಿಯಡ್ ಗಣಿತವಾದ್ದರಿಂದ, ಮನೆಯವರ ತೀರ್ಮಾನ ಸರಳವಾಗಿದೆ: ಗಣಿತ ಬಾರದ್ದಕ್ಕೆ ನಾಟಕ ಆಡುತ್ತಿದ್ದಾನೆ.

ಸಮಾಲೋಚಕಿ ಮೊದಲು ಪಕ್ಕಕ್ಕಿಡುವುದು ಈ ‘ನಾಟಕ’ ಎಂಬ ಮಾತನ್ನು. ನಮ್ಮ ಕರುಳಿನ ಗೋಡೆಯಲ್ಲಿ ಕೋಟ್ಯಂತರ ನರಕೋಶಗಳ ಒಂದು ಜಾಲವೇ ಇದೆ. ಮಿದುಳಿಗೂ ಅದಕ್ಕೂ ಹಗಲಿರುಳು ಸಂದೇಶಗಳ ಓಡಾಟ ನಡೆದೇ ಇರುತ್ತದೆ. ಆತಂಕ ಹೆಚ್ಚಿದಾಗ ಕರುಳಿನ ಚಲನೆಯ ಲಯ ಬದಲಾಗುತ್ತದೆ, ಎಂದಿನ ದಿನ ಗಮನಕ್ಕೇ ಬಾರದ ಸಣ್ಣ ಸೆಳೆತವೂ ನೋವಾಗಿ ಮಿದುಳಿಗೆ ತಲುಪುತ್ತದೆ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೂ ಹುಡುಗನಿಗೆ ನೋಯುತ್ತಿರುವುದು ನಿಜ. ಪರೀಕ್ಷೆಯ ಹಿಂದಿನ ರಾತ್ರಿ ಎರಡು ಮೂರು ಸಲ ಶೌಚಾಲಯಕ್ಕೆ ಓಡಿದ ಯಾರಿಗಾದರೂ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಎರಡನೆಯದಾಗಿ ಆಕೆ ತಾಯಿಗೆ ಒಂದು ಮನೆಗೆಲಸ ಕೊಡುತ್ತಾರೆ. ನೋವು ಬಂದ ದಿನ, ಹೊತ್ತು, ಅದಕ್ಕೆ ಮುಂಚೆ ಏನು ನಡೆಯಿತು, ಆಮೇಲೆ ಯಾರು ಏನು ಮಾಡಿದರು, ಇಷ್ಟನ್ನು ಬರೆದಿಡಬೇಕು. ವರ್ತನೆಯನ್ನು ಅದರ ಹಿಂದುಮುಂದಿನ ಸಂಗತಿಗಳೊಡನೆ ದಾಖಲಿಸುವ ಈ ಪದ್ಧತಿ ವರ್ತನಾ ಚಿಕಿತ್ಸೆಯ ಅತ್ಯಂತ ಹಳೆಯ, ಅಗ್ಗದ ಮತ್ತು ನನ್ನ ದೃಷ್ಟಿಯಲ್ಲಿ ಅತ್ಯಂತ ಉಪಯುಕ್ತ ಸಾಧನ. ತಾಯಿ ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ಪೆನ್ಸಿಲಿನಿಂದ ಗುರುತು ಹಾಕಿಕೊಂಡು ಬರುತ್ತಾರೆ. ಹಿಂದಿನ ತಿಂಗಳುಗಳನ್ನೂ ನೆನಪು ಮಾಡಿಕೊಂಡು ತುಂಬುತ್ತಾರೆ. ಆ ಗುರುತುಗಳನ್ನು ಒಟ್ಟಿಗೆ ನೋಡಿದಾಗ ಗಣಿತದ ಸಿದ್ಧಾಂತ ಕುಸಿದು ಬೀಳುತ್ತದೆ. ಶಾಲೆಯೇ ಇಲ್ಲದ ದಸರಾ ರಜೆಯಲ್ಲೂ ಸೋಮವಾರ ಹೊಟ್ಟೆ ನೋಯ್ದಿದೆ. ಶಾಲೆಯಿದ್ದ ಎರಡು ಸೋಮವಾರ ನೋಯ್ದಿಲ್ಲ; ಆ ಎರಡೂ ವಾರ ಬೆಂಗಳೂರಿನಲ್ಲಿ ಕೆಲಸಕ್ಕಿರುವ ತಂದೆ ಊರಿಗೆ ಬಂದಿರಲಿಲ್ಲ.

ಆಗ ಪ್ರಶ್ನೆ ಬದಲಾಗುತ್ತದೆ. ‘ಸೋಮವಾರ ಶಾಲೆಯಲ್ಲಿ ಏನು ನಡೆಯುತ್ತದೆ’ ಎಂದು ಕೇಳುತ್ತಿದ್ದವರು ‘ಭಾನುವಾರ ರಾತ್ರಿ ಮನೆಯಲ್ಲಿ ಏನು ನಡೆಯುತ್ತದೆ’ ಎಂದು ಕೇಳಬೇಕಾಗುತ್ತದೆ.

ಈ ಪ್ರಶ್ನೆಗೆ ಬಂದು ಮುಟ್ಟಲು ಇಡೀ ಕ್ಷೇತ್ರವೇ ಬಹಳ ವರ್ಷ ತೆಗೆದುಕೊಂಡಿತು. 1896ರಲ್ಲಿ ಲೈಟ್ನರ್ ವಿಟ್ಮರ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ಮನೋವೈಜ್ಞಾನಿಕ ಚಿಕಿತ್ಸಾಲಯ ತೆರೆದಾಗ, ಅವರ ಬಳಿಗೆ ಮೊದಲು ಬಂದದ್ದು ಕಾಗುಣಿತ ಸರಿಬಾರದ 14 ವರ್ಷದ ಹುಡುಗ. 1909ರಲ್ಲಿ ಷಿಕಾಗೋದಲ್ಲಿ ವಿಲಿಯಂ ಹೀಲಿ ಬಾಲನ್ಯಾಯಾಲಯಕ್ಕೆ ಬರುತ್ತಿದ್ದ ಮಕ್ಕಳ ಅಧ್ಯಯನಕ್ಕೆ ತೊಡಗಿದರು. ಭಾರತದಲ್ಲಿ ಇಂತಹ ಮೊದಲ ಶಿಶು ಮಾರ್ಗದರ್ಶನ ಕೇಂದ್ರ 1937ರಲ್ಲಿ ಮುಂಬೈಯಲ್ಲಿ, ಇಂದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯೆಂದು ಹೆಸರಾಗಿರುವ ಸಂಸ್ಥೆಯ ಆಶ್ರಯದಲ್ಲಿ ಆರಂಭವಾಯಿತು. ಈ ಪರಂಪರೆಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಮಗುವನ್ನು ಒಬ್ಬರು, ತಾಯಿಯನ್ನು ಇನ್ನೊಬ್ಬರು ಬೇರೆ ಬೇರೆ ಕೋಣೆಗಳಲ್ಲಿ ನೋಡುತ್ತಿದ್ದರು. ತಂದೆಯನ್ನು ಕರೆಯುವ ರೂಢಿಯೇ ಅಪರೂಪವಾಗಿತ್ತು.

ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದವರಲ್ಲಿ ಮುಖ್ಯರಾದವರು ಅರ್ಜೆಂಟೀನಾ ಮೂಲದ ಮನೋವೈದ್ಯ ಸಾಲ್ವಡೋರ್ ಮಿನುಚಿನ್. ನ್ಯೂಯಾರ್ಕ್‌ನ ವಿಲ್ಟ್‌ವಿಕ್ ಶಾಲೆಯಲ್ಲಿ ಬಡ ಕುಟುಂಬಗಳ ಹುಡುಗರೊಂದಿಗೆ ಕೆಲಸ ಮಾಡಿ, ಆಮೇಲೆ ಫಿಲಡೆಲ್ಫಿಯಾದ ಶಿಶು ಮಾರ್ಗದರ್ಶನ ಕೇಂದ್ರದ ನಿರ್ದೇಶಕರಾದ ಅವರು, ಕುಟುಂಬದವರು ಏನು ಹೇಳುತ್ತಾರೆ ಎಂಬುದಕ್ಕಿಂತ ಹೇಗೆ ಕೂರುತ್ತಾರೆ, ಯಾರ ಮಾತನ್ನು ಯಾರು ತುಂಡರಿಸುತ್ತಾರೆ, ಮಗುವನ್ನು ಕೇಳಿದ ಪ್ರಶ್ನೆಗೆ ಉತ್ತರ ಯಾರ ಬಾಯಿಂದ ಬರುತ್ತದೆ ಎಂಬುದನ್ನು ಗಮನಿಸುತ್ತಿದ್ದರು. ಬೇಕೆನಿಸಿದರೆ ನಡುವೆ ಎದ್ದು ಕುರ್ಚಿಗಳನ್ನೇ ಅದಲುಬದಲು ಮಾಡಿಸುತ್ತಿದ್ದರು. ನಮ್ಮಲ್ಲಿ ಇದಕ್ಕೆ ಬೇರೆಯದೇ ಹಾದಿಯಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದಲ್ಲೇ ಗುಡಾರ ಹಾಕಿ ಉಳಿಸಿಕೊಂಡು ಚಿಕಿತ್ಸೆಯಲ್ಲಿ ಪಾಲ್ಗೊಳ್ಳುವಂತೆ ಮಾಡಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬದ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವೊಂದು ರೂಪುಗೊಂಡಿತು. ಆಸ್ಪತ್ರೆ ಎಂದರೆ ಚಾಪೆ, ಫ್ಲಾಸ್ಕು, ಜೊತೆಗೆ ಇಬ್ಬರು ಎಂದು ಬರುವ ನಮ್ಮ ಜನರಿಗೆ ಇದು ಹೊಸದೆನಿಸಲಿಕ್ಕಿಲ್ಲ. ವಿಜ್ಞಾನವೇ ತುಸು ತಡವಾಗಿ ಬಂದಿತೆನ್ನಬೇಕು.

ಮನೆಯೊಳಗಿನ ಸಂಬಂಧಗಳು ಮಗುವಿನ ವರ್ತನೆಯನ್ನು ಹೇಗೆ ರೂಪಿಸುತ್ತವೆ ಎಂಬುದನ್ನು ಅತಿ ಸೂಕ್ಷ್ಮವಾಗಿ ಬಿಡಿಸಿ ತೋರಿಸಿದವರು ಅಮೆರಿಕದ ಆರೆಗಾನ್‌ನ ಮನೋವಿಜ್ಞಾನಿ ಜೆರಾಲ್ಡ್ ಪ್ಯಾಟರ್ಸನ್. ಅವರ ತಂಡದವರು ಹಟಮಾರಿ ಮಕ್ಕಳ ಮನೆಗಳಿಗೇ ಹೋಗಿ ಕುಳಿತು, ಯಾರು ಏನು ಮಾಡಿದಾಗ ಎದುರಿನವರು ಏನು ಮಾಡಿದರು ಎಂಬುದನ್ನು ಕ್ಷಣಕ್ಷಣಕ್ಕೂ ಸಂಕೇತಗಳಲ್ಲಿ ದಾಖಲಿಸಿದರು. ಅವರು ಕಂಡದ್ದನ್ನು ನಮ್ಮ ಮನೆಗೆ ಇಳಿಸಿದರೆ ಹೀಗಿರುತ್ತದೆ: ಮಗು ಊಟದ ಹೊತ್ತಿಗೆ ಮೊಬೈಲ್ ಕೇಳುತ್ತದೆ, ತಾಯಿ ಇಲ್ಲವೆನ್ನುತ್ತಾಳೆ. ಮಗು ಅಳುತ್ತದೆ, ತಾಯಿ ಗದರುತ್ತಾಳೆ. ಮಗು ತಟ್ಟೆ ತಳ್ಳಿ ಕಿರುಚುತ್ತದೆ. ಅಷ್ಟರಲ್ಲಿ ನಡುಮನೆಯಿಂದ ಅಜ್ಜಿ, “ಕೊಟ್ಟುಬಿಡಮ್ಮಾ, ಎರಡು ತುತ್ತು ತಿನ್ನಲಿ” ಎನ್ನುತ್ತಾರೆ. ಮೊಬೈಲ್ ಕೈಗೆ ಬಂದೊಡನೆ ಕಿರುಚಾಟ ನಿಲ್ಲುತ್ತದೆ. ಇಲ್ಲಿ ಇಬ್ಬರೂ ಒಂದೊಂದು ಪಾಠ ಕಲಿತರು. ಸಾಕಷ್ಟು ಜೋರಾಗಿ ಕಿರುಚಿದರೆ ಸಿಗುತ್ತದೆ ಎಂಬುದು ಮಗುವಿನ ಪಾಠ. ಕೊಟ್ಟರೆ ಕಿವಿಗೆ ನೆಮ್ಮದಿ ಎಂಬುದು ತಾಯಿಯದು. ತಾಯಿಯ ಪಾಠ ಗಟ್ಟಿಯಾಗುವುದು ಏನೋ ದೊರೆತದ್ದರಿಂದಲ್ಲ, ಕಿರಿಕಿರಿಯೊಂದು ತೊಲಗಿದ್ದರಿಂದ. ಬಿ.ಎಡ್. ಓದಿದವರು ‘ಋಣಾತ್ಮಕ ಪುನರ್ಬಲನ’ ಎಂದು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದು ಇದನ್ನೇ. ಮುಂದಿನ ಸಲ ಮಗು ಮೆಲ್ಲನೆ ಅಳುವುದರಲ್ಲಿ ಸಮಯ ಕಳೆಯದೆ ನೇರವಾಗಿ ಕಿರುಚುತ್ತದೆ.

ಹೀಗಾಗಿ ಇಂತಹ ಮಕ್ಕಳ ಚಿಕಿತ್ಸೆಯಲ್ಲಿ ಹೆಚ್ಚಿನ ತರಬೇತಿ ಹಿರಿಯರಿಗೇ ನಡೆಯುತ್ತದೆ: ಬೇಡಿಕೆಗೆ ಕೊನೆಗೂ ಮಣಿಯುವುದೇ ಆದರೆ ಮೊದಲ ಕೇಳಿಕೆಗೇ ಮಣಿಯಬೇಕು, ಇಲ್ಲವೆಂದ ಮೇಲೆ ಇಲ್ಲವೆಂದೇ ಇರಬೇಕು, ಮಗು ಸುಮ್ಮನೆ ಕುಳಿತು ಆಡುತ್ತಿರುವಾಗ ಅದನ್ನು ಗಮನಿಸಿ ಮಾತನಾಡಿಸಬೇಕು. ಸಮಾಲೋಚಕರು ಮೊದಲೇ ಕೊಡುವ ಒಂದು ಎಚ್ಚರಿಕೆ ಇಲ್ಲಿ ಮುಖ್ಯ. ಮಣಿಯುವುದನ್ನು ನಿಲ್ಲಿಸಿದ ಮೊದಲ ಕೆಲವು ದಿನ ಕಿರುಚಾಟ ಕಡಿಮೆಯಾಗುವ ಬದಲು ಹೆಚ್ಚುವುದುಂಟು. ಇದುವರೆಗೆ ತೆರೆಯುತ್ತಿದ್ದ ಬಾಗಿಲು ತೆರೆಯದಿದ್ದಾಗ ನಾವೂ ಇನ್ನಷ್ಟು ಜೋರಾಗಿ ಬಡಿಯುವುದಿಲ್ಲವೇ? ಇದು ಗೊತ್ತಿಲ್ಲದ ಮನೆಯವರು ಮೂರನೆಯ ದಿನ ಕೈಚೆಲ್ಲುತ್ತಾರೆ, ಮಗು ಮೂರು ದಿನ ಬಡಿಯುವುದನ್ನು ಕಲಿಯುತ್ತದೆ. ಅಜ್ಜಿಯನ್ನು ಕೋಣೆಗೆ ಕರೆಯದೆ ಮಾಡಿದ ಯೋಜನೆ ಎಷ್ಟು ದಿನ ಬಾಳಿಕೆ ಬರುತ್ತದೆ ಎಂಬುದನ್ನು ಓದುಗರೇ ಊಹಿಸಬಹುದು.

ಕುಟುಂಬದತ್ತ ನೋಡುವುದೆಂದರೆ ಕುಟುಂಬವನ್ನು ದೂರುವುದಲ್ಲ, ಆದರೆ ಈ ಎರಡರ ನಡುವಿನ ಗೆರೆಯನ್ನು ಈ ಕ್ಷೇತ್ರವೇ ಒಮ್ಮೆ ದಾಟಿತ್ತು. ಮಕ್ಕಳಲ್ಲಿ ಆಟಿಸಂ ಉಂಟಾಗುವುದಕ್ಕೆ ತಾಯಿಯ ತಣ್ಣನೆಯ ಸ್ವಭಾವವೇ ಕಾರಣವೆಂದು ‘ರೆಫ್ರಿಜರೇಟರ್ ತಾಯಿ’ ಎಂಬ ಹೆಸರಿಟ್ಟು ಪಾಶ್ಚಾತ್ಯ ತಜ್ಞರು ವರ್ಷಗಟ್ಟಲೆ ನಂಬಿಸಿದ್ದರು. ಸ್ವತಃ ಆಟಿಸಂ ಇದ್ದ ಮಗುವಿನ ತಂದೆಯಾಗಿದ್ದ ಮನೋವಿಜ್ಞಾನಿ ಬರ್ನಾರ್ಡ್ ರಿಮ್ಲಂಡ್ 1964ರಲ್ಲಿ ಅದನ್ನು ಅಲ್ಲಗಳೆದು, ಕಾರಣ ನರಮಂಡಲದ ಬೆಳವಣಿಗೆಯಲ್ಲಿದೆಯೆಂದು ವಾದಿಸಿದರು. ಮುಂದಿನ ಸಂಶೋಧನೆಗಳು ಆ ದಿಕ್ಕನ್ನೇ ಎತ್ತಿಹಿಡಿದವು. ಆದ್ದರಿಂದ ಜವಾಬ್ದಾರಿಯುತ ಸಮಾಲೋಚಕರು ಮನೆಯ ಜಗಳಕ್ಕೆ ಕೈ ತೋರಿಸುವ ಮೊದಲು ಮಗುವಿಗೆ ಕಲಿಕಾ ನ್ಯೂನತೆಯಿದೆಯೇ, ಕಿವಿ ಕಣ್ಣು ಸರಿಯಿವೆಯೇ, ಶಾಲೆಯಲ್ಲಿ ಯಾರಾದರೂ ಪೀಡಿಸುತ್ತಿದ್ದಾರೆಯೇ, ಯಾರಿಂದಲಾದರೂ ದೌರ್ಜನ್ಯವಾಗಿದೆಯೇ ಎಂಬುದನ್ನು ಒಂದೊಂದಾಗಿ ನೋಡಿಯೇ ಮುಂದೆ ಹೋಗುತ್ತಾರೆ.

ಕೊನೆಯ ಪ್ರಶ್ನೆಗೆ ಕಾನೂನಿನ ಬಿಗಿಯೂ ಇದೆ. ಮಗು ಹೇಳಿದ್ದೆಲ್ಲವನ್ನೂ ಸಮಾಲೋಚಕರು ತಂದೆತಾಯಿಗೆ ಒಪ್ಪಿಸುವುದಿಲ್ಲ. ಒಪ್ಪಿಸುವುದಾದರೆ ಎರಡನೆಯ ಭೇಟಿಯಿಂದಲೇ ಮಗುವಿನ ಬಾಯಿ ಮುಚ್ಚುತ್ತದೆ. ಆದರೆ ಲೈಂಗಿಕ ದೌರ್ಜನ್ಯದ ವಿಷಯ ತಿಳಿದುಬಂದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸಲೇಬೇಕು; ತಿಳಿಸದಿರುವುದೇ ಅಪರಾಧ. ಆದ್ದರಿಂದ ಯಾವ ಗುಟ್ಟನ್ನು ಕಾಪಾಡಬಲ್ಲೆ, ಯಾವುದನ್ನು ಕಾಪಾಡಲಾರೆ ಎಂಬುದನ್ನು ಮೊದಲ ದಿನವೇ ಮಗುವಿಗೆ ಅದರ ಭಾಷೆಯಲ್ಲೇ ಹೇಳಬೇಕಾಗುತ್ತದೆ. “ಯಾರಿಗೂ ಹೇಳುವುದಿಲ್ಲ, ಆಣೆ” ಎಂದು ಬಾಯ್ಮಾತಿಗೆ ಹೇಳಿ ಮಾತು ತೆಗೆಸುವುದು ಈ ವೃತ್ತಿಯಲ್ಲಿ ಸಲ್ಲದು.

ಇಷ್ಟು ನಾಜೂಕಿನ ಕೆಲಸಕ್ಕೆ ಯಾರು ಅರ್ಹರು ಎಂಬುದು ನಮ್ಮಲ್ಲಿ ಇನ್ನೂ ಗೋಜಲಾಗಿಯೇ ಇದೆ. ಮನೋವೈದ್ಯರು ವೈದ್ಯಕೀಯ ಪದವಿಯ ನಂತರ ಈ ವಿಷಯದಲ್ಲಿ ಸ್ನಾತಕೋತ್ತರ ಓದು ಮಾಡಿದವರು, ಔಷಧ ಬರೆಯಬಲ್ಲವರು. ಚಿಕಿತ್ಸಾ ಮನೋವಿಜ್ಞಾನಿಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಮನೆ ಮತ್ತು ಸಮುದಾಯದ ಕಡೆಯಿಂದ ಕೆಲಸ ಮಾಡುವವರು. ‘ಕೌನ್ಸೆಲರ್’ ಎಂಬ ಹೆಸರಿಗೆ ಮಾತ್ರ ಬಹುಕಾಲ ಕಾವಲೇ ಇರಲಿಲ್ಲ. ಕೆಲವೇ ವಾರಗಳ ಕೋರ್ಸು ಮುಗಿಸಿದವರೂ ಬೋರ್ಡು ಹಾಕಿಕೊಳ್ಳಬಹುದಿತ್ತು. 2021ರಲ್ಲಿ ಸಹವೈದ್ಯಕೀಯ ವೃತ್ತಿಗಳಿಗಾಗಿ ಬಂದ ಕೇಂದ್ರ ಕಾಯ್ದೆ ಈ ವರ್ಗವನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಮಗುವನ್ನು ಕರೆದೊಯ್ಯುವವರು ಓದು, ನೋಂದಣಿ ಮತ್ತು ಮಕ್ಕಳೊಂದಿಗಿನ ಅನುಭವವನ್ನು ಸಂಕೋಚವಿಲ್ಲದೆ ವಿಚಾರಿಸಬೇಕು. ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕ್ ನೋಡುವವರು ಇಲ್ಲೇಕೆ ನಾಚಬೇಕೋ ತಿಳಿಯದು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ಸಮಸ್ಯೆ ಕಂಡುಬಂದಿತ್ತು. ದೊಡ್ಡ ಊರುಗಳಿಂದ ದೂರವಿರುವವರಿಗೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೂ ಮಾತನಾಡಬಹುದು. ಮಗು ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ತುಮಕೂರಿನ ಹುಡುಗನಿಗೆ ಸಮಾಲೋಚಕಿ ಒಂದು ಬಿಳಿ ಹಾಳೆ ಕೊಟ್ಟು, ಮನೆಯವರೆಲ್ಲ ಏನಾದರೂ ಕೆಲಸ ಮಾಡುತ್ತಿರುವಂತೆ ಚಿತ್ರ ಬಿಡಿಸಲು ಹೇಳಿರುತ್ತಾರೆ. ಇಂತಹ ಚಿತ್ರಗಳನ್ನು ಜಾತಕದಂತೆ ಓದುವ ಚಾಳಿ ಕೆಲವರಿಗಿದೆ. ಕಪ್ಪು ಬಣ್ಣ ಕಂಡರೆ ಖಿನ್ನತೆ, ಕೈ ಬಿಡಿಸದಿದ್ದರೆ ಭಯ ಎಂದೆಲ್ಲ ಹೇಳುವುದಕ್ಕೆ ಗಟ್ಟಿ ಪುರಾವೆಯಿಲ್ಲ. ಮಾತಿಗೆ ದಾರಿಯಾಗಿ ಮಾತ್ರ ಅದು ಚೆನ್ನಾಗಿ ಒದಗುತ್ತದೆ. ಹುಡುಗ ಅಮ್ಮನನ್ನು ಒಲೆಯ ಮುಂದೆ, ಅಪ್ಪನನ್ನು ಬ್ಯಾಗು ಹಿಡಿದು ಬಾಗಿಲಲ್ಲಿ, ತನ್ನನ್ನು ಮಂಚದ ಮೇಲೆ ಬಿಡಿಸಿದ್ದಾನೆ. “ನೀನೇನು ಮಾಡ್ತಿದ್ದೀಯಪ್ಪಾ?” ಎಂದು ಕೇಳಿದರೆ, “ನಿದ್ದೆ ಬಂದೋರ ಥರ ಮಲಗಿದ್ದೀನಿ” ಎನ್ನುತ್ತಾನೆ. ಭಾನುವಾರ ರಾತ್ರಿ ಸೈಟಿನ ಸಾಲದ ಬಗ್ಗೆ ಏಳುವ ಜಗಳವನ್ನು ಅವನು ಹಾಗೆ ಮಲಗಿಕೊಂಡೇ ಕೇಳಿಸಿಕೊಂಡಿದ್ದಾನೆ. ಸೋಮವಾರ ನಸುಕಿಗೆ ಅಪ್ಪ ಹೊರಟುಹೋದ ಮೇಲೆ ಅಳುವ ಅಮ್ಮನನ್ನು ಒಬ್ಬಳೇ ಬಿಟ್ಟು ಶಾಲೆಗೆ ಹೋಗಲು ಅವನ ಹೊಟ್ಟೆ ಒಪ್ಪುತ್ತಿಲ್ಲ.

ಮುಂದಿನದು ನಿಧಾನದ ಕೆಲಸ. ಸೋಮವಾರ ಎರಡು ಪೀರಿಯಡ್ ಮಾತ್ರ, ಆಮೇಲಿನ ವಾರ ಮಧ್ಯಾಹ್ನದ ಊಟದವರೆಗೆ, ಅನಂತರ ಇಡೀ ದಿನ ಎಂದು ಮೇಷ್ಟ್ರೊಂದಿಗೆ ಒಪ್ಪಂದವಾಗುತ್ತದೆ. ಹಣದ ಮಾತು ಮಗುವಿನ ಕಿವಿಗೆ ಬೀಳದ ಹೊತ್ತಿನಲ್ಲಿ ಆಡಬೇಕೆಂದು, ಬೆಂಗಳೂರು ತಲುಪಿದೊಡನೆ ತಂದೆ ತಾಯಿಗೆ ಫೋನು ಮಾಡಬೇಕೆಂದು ತೀರ್ಮಾನವಾಗುತ್ತದೆ. ಮೂರನೆಯ ವಾರ ಹೊಟ್ಟೆನೋವು ಮತ್ತೆ ಬರುತ್ತದೆ, ಕ್ಯಾಲೆಂಡರಿನಲ್ಲಿ ಮತ್ತೊಂದು ಗುರುತು ಬೀಳುತ್ತದೆ. ಆರನೆಯ ಭೇಟಿ ಒಂದು ಸೋಮವಾರ ಗೊತ್ತಾಗಿರುತ್ತದೆ. ಅಂದು ಹುಡುಗ ಬಂದಿರುವುದಿಲ್ಲ. ಗಣಿತದ ಪೀರಿಯಡ್‌ನಲ್ಲಿ ಕುಳಿತಿರುತ್ತಾನೆ. ಸಮಾಲೋಚಕಿಯ ಎದುರಿನ ಎರಡು ಕುರ್ಚಿಗಳಲ್ಲಿ, ಕೆಲಸಕ್ಕೆ ರಜೆ ಹಾಕಿ ಬಂದ ತಂದೆಯೂ ತಾಯಿಯೂ ಸೈಟಿನ ಸಾಲದ ಕಾಗದಗಳನ್ನು ಹಿಡಿದು ಕುಳಿತಿರುತ್ತಾರೆ.