ಕೃಷಿ ಪತ್ರಕರ್ತರ ಸಂಘಗಳು: ನನ್ನನ್ನು ಎರಡು ದಿನ ಕಾಡಿದ ಪ್ರಶ್ನೆ

ಈ ಸಂಘಗಳು ಹುಟ್ಟಿದ ಇಸವಿಗಳು ಕಷ್ಟವಲ್ಲ. ಅಮೆರಿಕದ ಕೃಷಿ ಸಂಪಾದಕರ ಸಂಘ 1921, ಬ್ರಿಟನ್ನಿನ ಕೃಷಿ ಪತ್ರಕರ್ತರ ಗಿಲ್ಡ್ (ಸಂಘ) 1944, ಬೇರೆ ಬೇರೆ ದೇಶಗಳ ಸಂಘಗಳು ಸೇರಿದ ಅಂತಾರಾಷ್ಟ್ರೀಯ ಒಕ್ಕೂಟ (ಐಎಫ್‌ಎಜೆ) 1956. ತರಬೇತಿ, ಪ್ರಶಸ್ತಿ, ವರ್ಷಕ್ಕೊಂದು ಸಮ್ಮೇಳನ, ಹೊಲಗಳ ಭೇಟಿ, ಇವೆಲ್ಲ ನಿಮಗೂ ಗೊತ್ತಿರುತ್ತವೆ. ಬಿಡಿ.

ನಾನು ಎಡವಿದ್ದು ಬೇರೆ ಕಡೆ. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಕಂಪನಿಗಳ ಪಿಆರ್ (ಪ್ರಚಾರ ನೋಡಿಕೊಳ್ಳುವ) ಮಂದಿಯೂ ಇಂಥ ಸಂಘಗಳಲ್ಲಿ ಇರುತ್ತಾರೆ. ಸಮ್ಮೇಳನದ ಖರ್ಚಿಗೆ ಕಂಪನಿಗಳ ದುಡ್ಡೂ ಬರುತ್ತದೆ. ಮತ್ತೆ ಇದು ಪತ್ರಕರ್ತರ ಸ್ವಾತಂತ್ರ್ಯ ಕಾಯುವ ಸಂಘ ಹೇಗಾಗುತ್ತದೆ? ಕುರಿ ಕಾಯೋಕೆ ತೋಳನ್ನ ಬಿಟ್ಟ ಹಾಗಲ್ವಾ?

ಒಂದೇ ಪ್ರಶ್ನೆ ಅಂದುಕೊಂಡಿದ್ದೇ ನನ್ನ ತಪ್ಪು. ಅದರೊಳಗೆ ಮೂರಿವೆ. ಒಳಗೆ ಯಾರಿದ್ದಾರೆ? ಮತ ಯಾರಿಗಿದೆ? ಬರಹದ ಮೇಲೆ ಹಿಡಿತ ಯಾರದು? ಎಷ್ಟೋ ಕಡೆ ಪತ್ರಕರ್ತರು ಪೂರ್ಣ ಸದಸ್ಯರು, ಕಂಪನಿಯವರು ಮತವಿಲ್ಲದ ಸಹ-ಸದಸ್ಯರು ಮಾತ್ರ. ಎಲ್ಲ ಕಡೆ ಹಾಗೇ ಅಂದುಕೊಳ್ಳಬೇಡಿ. ಅಮೆರಿಕದ ಆ ಸಂಘದ ಹೆಸರಲ್ಲೇ ಈಗ 'ಸಂಪಾದಕರು' ಇಲ್ಲ, 'ಸಂವಹನಕಾರರು' ಬಂದಿದ್ದಾರೆ. ಇನ್ನು ಮೂರನೆಯದು. ಹೊಲಗಳ ಭೇಟಿಗೆ ಬಸ್ಸಿನ ಖರ್ಚು ಕೊಟ್ಟ ಕಂಪನಿ, ಅಚ್ಚಿಗೆ ಹೋಗುವ ಮೊದಲು ಬರಹ ತೋರಿಸಿ ಅನ್ನುವ ಹಾಗಿರಬಾರದು. ಪ್ರಯಾಣದ ಖರ್ಚು ಯಾರು ಕೊಟ್ಟರು ಅಂತ ಓದುಗರಿಗೂ ತಿಳಿಸಬೇಕು.

ಇಷ್ಟಾದರೂ ಹಂಗು ಹಂಗೇ. ಊಟ ಹಾಕಿಸಿದವರ ಬಗ್ಗೆ ಬರೆಯುವಾಗ ಕೈ ಸ್ವಲ್ಪ ಮೆತ್ತಗಾಗುತ್ತದೆ. ಆದರೆ ಕೃಷಿ ಪತ್ರಿಕೆಯ ಕಷ್ಟ ನೋಡಿ: ಜಾಹೀರಾತು ಕೊಡುವವರೂ ಅವರೇ, ಸುದ್ದಿಯಾಗುವವರೂ ಅವರೇ. ಫ್ರೀಲಾನ್ಸ್ ಮಾಡುವವರು ಒಬ್ಬರೇ ನಿಂತು 'ಬರಹ ತೋರಿಸೋದಿಲ್ಲ' ಅಂದರೆ ಮುಂದಿನ ಕೆಲಸ ಹೋಗಬಹುದು. ಸಂಘದ ನೀತಿಸಂಹಿತೆಯಲ್ಲಿ ಅದು ಬರೆದಿದ್ದರೆ? 'ಸಂಘದ ನಿಯಮ ಸಾರ್, ನನ್ನ ಕೈಲಿಲ್ಲ' ಅನ್ನಬಹುದು. ಜಗಳವಿಲ್ಲದೆ ಇಲ್ಲ ಅನ್ನೋಕೆ ಒಂದು ನೆಪ. ಪ್ರಶಸ್ತಿಗಿಂತ ಇದು ಜಾಸ್ತಿ ಬೆಲೆಬಾಳುತ್ತದೆ ಅಂತ ನನಗನ್ನಿಸುತ್ತದೆ.

ಇನ್ನೊಂದು ಲಾಭ ನನಗೆ ಅಭ್ಯಾಸದ ಬರಹದಲ್ಲೇ ಗೊತ್ತಾಯ್ತು. ಒಂದು ಪತ್ರಿಕಾ ಪ್ರಕಟಣೆಯಲ್ಲಿ ಇಳುವರಿ 'ಹೆಕ್ಟೇರಿಗೆ 5 ಟನ್' ಅಂತಿತ್ತು. ನಾನು ಸುಮ್ನೆ 'ಎಕರೆಗೆ 5 ಟನ್' ಅಂತ ಬರೆದುಬಿಟ್ಟೆ. ಡೆಸ್ಕಿನಲ್ಲಿ ಕೃಷಿ ಬಲ್ಲವರು ಇಲ್ಲದಿದ್ದರೆ ಇದು ಹಾಗೇ ಅಚ್ಚಾಗುತ್ತದೆ. ಸಂಘದಲ್ಲಿರುವ ಹಿರಿಯರೊಬ್ಬರು ನೋಡಿದ ತಕ್ಷಣ ಹಿಡಿದರು. 1 ಹೆಕ್ಟೇರ್ ಅಂದರೆ 2.47 ಎಕರೆ. 5ನ್ನು 2.47ರಿಂದ ಭಾಗಿಸಿ, ಎಕರೆಗೆ ಸುಮಾರು 2 ಟನ್. ಗುಣಿಸಬೇಕೋ ಭಾಗಿಸಬೇಕೋ ಅಂತ ಗೊಂದಲವಾದರೆ ಇಷ್ಟು ನೆನಪಿಡಿ: ಎಕರೆ ಚಿಕ್ಕದು, ಬೆಳೆಯೂ ಕಡಿಮೆ.

ಅವರು ಅಲ್ಲಿಗೇ ಬಿಡಲಿಲ್ಲ. 'ಇಳುವರಿ ಹೆಚ್ಚು ಅಂತಾರಲ್ಲ, ಯಾವ ತಾಕಿನ ಜೊತೆ ಹೋಲಿಸಿ ನೋಡಿದ್ರಂತೆ?' ಅಂತ ಕೇಳಿದರು. ಪ್ರಕಟಣೆಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದೆ. ಅದನ್ನು ಎಲ್ಲೂ ಬರೆದಿರಲಿಲ್ಲ.