ಲಿಂಕನ್ನು ಬಲಗಡೆಯಿಂದ ಓದಿ

ಹೋದ ವಾರ ಚಿಕ್ಕಮ್ಮ ಫೋನ್ ಮಾಡಿದರು. ದೊಡ್ಡ ಆನ್‌ಲೈನ್ ಅಂಗಡಿಯೊಂದರ ಹೆಸರಿನಲ್ಲಿ ಇಮೇಲ್ ಬಂದಿತ್ತಂತೆ. ‘ನಿಮ್ಮ ಆರ್ಡರ್ ನಿಂತಿದೆ, 24 ಗಂಟೆಯೊಳಗೆ ಕಾರ್ಡ್ ವಿವರ ಕೊಡಿ.’ ಲಿಂಕ್ ಒತ್ತಿಯೂ ಆಗಿತ್ತು. “ಲೋಗೋ ಸರಿಯಾಗಿದೆ ಕಣೋ, ಸ್ಪೆಲಿಂಗ್ ತಪ್ಪಿಲ್ಲ, ಮೇಲೆ ಬೀಗದ ಚಿತ್ರಾನೂ ಇದೆ” ಎಂದರು.

ಈ ಮೂರನ್ನೂ ನಂಬಬೇಡಿ ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ. ಲೋಗೋ ಯಾರು ಬೇಕಾದರೂ ಕಾಪಿ ಮಾಡಬಹುದು. ತಪ್ಪಿಲ್ಲದ ಇಂಗ್ಲಿಷ್ ಈಗ ಪುಕ್ಕಟೆ ಸಿಗುತ್ತದೆ. ಇನ್ನು ಬೀಗ? ನಿಮ್ಮ ಮಾತು ದಾರಿಯಲ್ಲಿ ಮೂರನೆಯವರ ಕಿವಿಗೆ ಬೀಳುವುದಿಲ್ಲ ಎಂದಷ್ಟೇ ಅದರ ಅರ್ಥ. ಆ ಕಡೆ ಕೂತವನೇ ಕಳ್ಳನಾದರೆ, ಅವನ ಹತ್ತಿರವೇ ಗುಟ್ಟು ಹೇಳಿದ ಹಾಗಾಯಿತು.

ಕಳಿಸಿದವರ ಹೆಸರೂ ಅಷ್ಟೇ. ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಗಳು 1982ರವು. ಇನ್‌ಲ್ಯಾಂಡ್ ಲೆಟರಿನ ಹಿಂದೆ ಯಾರ ಹೆಸರು ಬರೆದರೂ ಪೋಸ್ಟ್ ಡಬ್ಬಿ ಬೇಡ ಅನ್ನುತ್ತಿರಲಿಲ್ಲ, ಅಲ್ವಾ? ಇದೂ ಹಾಗೇ. ಆಮೇಲೆ ಎಸ್‌ಪಿಎಫ್, ಡಿಮಾರ್ಕ್ ಎಂಬ ತಪಾಸಣೆಗಳು ಬಂದವು. ಆದರೆ ಅವು ನೋಡುವುದು @ ಆದ ಮೇಲಿನ ವಿಳಾಸವನ್ನು, ಮುಂದೆ ದಪ್ಪಕ್ಷರದಲ್ಲಿ ಕಾಣುವ ಹೆಸರನ್ನಲ್ಲ. ಮೊಬೈಲಿನಲ್ಲಿ ಎಷ್ಟೋ ಸಲ ಕಾಣುವುದು ಆ ಹೆಸರೊಂದೇ.

ನನಗೆ ಇಷ್ಟವಾದ ಸಂಗತಿ ಲಿಂಕಿನದು. ಚಿಕ್ಕಮ್ಮನಿಗೆ ಬಂದದ್ದು ಹೆಚ್ಚುಕಮ್ಮಿ ಹೀಗಿತ್ತು: ‘ಅಂಗಡಿ ಡಾಟ್ ಇನ್ ಡಾಟ್ ಆರ್ಡರ್‌ಸಹಾಯ ಡಾಟ್ ಕಾಮ್’, ಆಮೇಲೊಂದು ಓರೆಗೆರೆ (/), ಉದ್ದದ ಬಾಲ. ನಾವು ಎಡದಿಂದ ಓದಿ ‘ಅಂಗಡಿ’ ಕಂಡ ಕೂಡಲೇ ನಿಲ್ಲಿಸುತ್ತೇವೆ. ಕಂಪ್ಯೂಟರ್ ಆ ಓರೆಗೆರೆಯಿಂದ ಹಿಂದಕ್ಕೆ ಬರುತ್ತದೆ. ಮೊದಲು ‘ಕಾಮ್’, ಆಮೇಲೆ ‘ಆರ್ಡರ್‌ಸಹಾಯ’. ಯಜಮಾನ ಅಲ್ಲೇ ಸಿಕ್ಕಿಬಿಟ್ಟ! (‘ಕೋ ಡಾಟ್ ಇನ್’ ಇದ್ದರೆ ಇನ್ನೊಂದು ಹೆಜ್ಜೆ ಹಿಂದೆ ಹೋಗಬೇಕು.) ಅದರ ಎಡಕ್ಕಿರುವುದೆಲ್ಲ ಅವನು ತನಗೆ ಬೇಕಾದಂತೆ ಬರೆಸಿಕೊಂಡ ಬೋರ್ಡು. ಮುಂಬೈನ ಮಾಟುಂಗಾದಲ್ಲೂ ಉಡುಪಿ ಹೋಟೆಲುಗಳಿವೆ; ಬೋರ್ಡು ನೋಡಿ ಉಡುಪಿಯಲ್ಲೇ ಇಳಿದೆ ಅಂದುಕೊಂಡರೆ ಹೇಗೆ? ಅಲ್ಲಿನ ದೋಸೆ ಅಸಲಿ, ಆ ಮಾತು ಬೇರೆ.

ಅಂಚೆಯವರಿಗೆ ಈ ವಿದ್ಯೆ ಹಳೆಯದು. 1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂದಾಗಿನಿಂದ ವಿಳಾಸದ ಕೊನೆಯ ಸಾಲೇ ಅವರಿಗೆ ಮೊದಲು. 5ರಿಂದ ಶುರುವಾದರೆ ನಮ್ಮ ಕಡೆಯದು: ಕರ್ನಾಟಕ, ಆಂಧ್ರ, ತೆಲಂಗಾಣ. ಮನೆಯ ಹೆಸರು ‘ಶ್ರೀನಿಲಯ’ವೋ ‘ಮಾತೃಕೃಪಾ’ವೋ, ಅದು ಕಟ್ಟಕಡೆಗೆ.

ಹಾಗೆ ಓದಿದರೂ ಕಣ್ಣು ಮೋಸ ಹೋಗಬಹುದು. ಇಂಗ್ಲಿಷಿನ ಸಣ್ಣಕ್ಷರದ ‘ಆರ್’, ‘ಎನ್’ ಅಕ್ಕಪಕ್ಕ ಕೂತರೆ ‘ಎಂ’ ಥರ ಕಾಣುತ್ತವೆ. 2017ರಲ್ಲಿ ಸಂಶೋಧಕರೊಬ್ಬರು ರಷ್ಯನ್ ಲಿಪಿಯ ಅಕ್ಷರಗಳಿಂದಲೇ ‘ಆಪಲ್ ಡಾಟ್ ಕಾಮ್’ನಂತೆ ಕಾಣುವ ವಿಳಾಸ ಮಾಡಿ ತೋರಿಸಿದರು. ಕನ್ನಡದವರಿಗೆ ಇದು ಹೊಸದೇನಲ್ಲ. ಅಂಕಿಯ ‘೦’, ಅನುಸ್ವಾರದ ‘ಂ’, ಶಾಲೆಯಲ್ಲಿ ಎರಡನ್ನೂ ಸೊನ್ನೆ ಅಂತಲೇ ಕರೆದವರು ನಾವು. ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ.

“ಲಿಂಕ್ ಮುಚ್ಚಿ, ಅಂಗಡಿಯ ಆ್ಯಪ್ ತೆರೆದು ಆರ್ಡರ್ ನೋಡಿ” ಎಂದೆ. ನೋಡಿದರು. ಅಲ್ಲಿದ್ದದ್ದು ಒಂದೇ, ಕುಕ್ಕರ್ ಗ್ಯಾಸ್ಕೆಟ್. ಅದು ಬಂದು ಎರಡು ದಿನವಾಗಿ, ಅವತ್ತಿನ ಬೇಳೆಯೂ ಅದರಲ್ಲೇ ಬೆಂದಿತ್ತು.