ವರದಿಗಾರ ಪ್ರೋಟೀನ್

ಮಂಡ್ಯದ ಕಡೆ ಕೆಲವು ರೈತರು ಗದ್ದೆಯ ಪಂಪ್‌ಸೆಟ್ ಮನೆಯಲ್ಲಿ, ಸ್ಟಾರ್ಟರ್ ಪೆಟ್ಟಿಗೆಯ ಪಕ್ಕ, ತ್ರೀ ಫೇಸ್ ಲೈನಿಗೆ ಒಂದು ಬಲ್ಬು ಕಟ್ಟಿರುತ್ತಾರೆ. ಅಪರಾತ್ರಿ ಕರೆಂಟು ಬಂದರೆ ಅದು ಹೊತ್ತಿಕೊಳ್ಳುತ್ತದೆ. ಜಗಲಿಯಲ್ಲಿ ಮಲಗಿದವರಿಗೆ ಗದ್ದೆಗೆ ಹೋಗದೆಯೇ ವಿಷಯ ತಿಳಿಯುತ್ತದೆ. ಬಲ್ಬು ನೀರೆತ್ತುವುದಿಲ್ಲ, ಸುದ್ದಿಯನ್ನಷ್ಟೇ ಮುಟ್ಟಿಸುತ್ತದೆ. ಜೀವಕೋಶದೊಳಗೆ ಇದೇ ಕೆಲಸಕ್ಕೆ ನೇಮಕವಾದ ಪ್ರೋಟೀನನ್ನು ವರದಿಗಾರ ಪ್ರೋಟೀನ್ ಎನ್ನುತ್ತಾರೆ. 'ಸೂಚಕ' ಎಂಬ ಪದವೂ ಹೊಂದುತ್ತಿತ್ತು. ಆದರೆ ಶಾಲೆಯ ರಸಾಯನಶಾಸ್ತ್ರದಲ್ಲಿ ಅದು ಲಿಟ್ಮಸ್‌ನಂಥವುಗಳ ಹೆಸರಾಗಿ ನೆಲೆಯೂರಿದೆ.

ಒಂದು ಕಬ್ಬಿನ ಬೇರಿನಲ್ಲೂ ಗರಿಯಲ್ಲೂ ಇರುವ ಜೀನ್‌ಗಳು ಬಹುಮಟ್ಟಿಗೆ ಒಂದೇ. ಯಾವ ಜೀನ್ ಎಲ್ಲಿ, ಯಾವಾಗ, ಎಷ್ಟು ಕೆಲಸ ಮಾಡುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ. ಇದೇ ಜೀನ್ ಅಭಿವ್ಯಕ್ತಿ. ಇದನ್ನು ನಿಯಂತ್ರಿಸುವ, ಜೀನಿನ ಮುಂದಿರುವ ಡಿಎನ್‌ಎ ಭಾಗಕ್ಕೆ ಪ್ರೊಮೋಟರ್ ಎಂದು ಹೆಸರು. ಆ ಪ್ರೊಮೋಟರಿನ ಒಂದು ಪ್ರತಿಗೆ ಹೊಳೆಯುವ ಪ್ರೋಟೀನಿನ ಜೀನನ್ನು ಜೋಡಿಸಿ ಸಸ್ಯಕ್ಕೋ ಪ್ರಾಣಿಗೋ ಸೇರಿಸಿದರೆ, ಮೂಲ ಜೀನ್ ಚಾಲೂ ಆಗುವ ಕೋಶಗಳಲ್ಲಿ ಬೆಳಕೂ ಕಾಣಿಸುತ್ತದೆ.

ಇವುಗಳಲ್ಲಿ ಹೆಸರಾದದ್ದು ಹಸಿರು ಪ್ರತಿದೀಪ್ತ ಪ್ರೋಟೀನ್, ಅಂದರೆ ಜಿಎಫ್‌ಪಿ. ಒಸಾಮು ಶಿಮೊಮುರಾ ಇದನ್ನು ಈಕ್ವೋರಿಯಾ ವಿಕ್ಟೋರಿಯಾ ಎಂಬ ಜೆಲ್ಲಿ ಮೀನಿನಲ್ಲಿ ಕಂಡದ್ದನ್ನು 1962ರಲ್ಲಿ ವರದಿ ಮಾಡಿದರು. 238 ಅಮೈನೋ ಆಮ್ಲಗಳ ಈ ಸರಪಳಿ ಪೀಪಾಯಿಯಂತೆ ಮಡಚಿಕೊಂಡಾಗ, ಒಳಗೆ ಸಿಕ್ಕಿಕೊಂಡ 65, 66, 67ನೆಯ ಆಮ್ಲಗಳು ತಮ್ಮತಮ್ಮಲ್ಲೇ ಬೆಸೆದುಕೊಂಡು, ಆಮ್ಲಜನಕದ ನೆರವಿನಿಂದ ವರ್ಣಕವಾಗುತ್ತವೆ. ಹೊರಗಿನಿಂದ ಬೇರೆ ಕಿಣ್ವವನ್ನಾಗಲಿ ರಾಸಾಯನಿಕವನ್ನಾಗಲಿ ಕೊಡಬೇಕಿಲ್ಲ. ನೀಲಿ ಬೆಳಕು ಹಾಯಿಸಿದರೆ ಅದು ಹಸಿರು ಸೂಸುತ್ತದೆ. ಜಿಎಫ್‌ಪಿ ವರದಿಗಾರನಾಗುವ ಮುಂಚೆಯೇ ಸಸ್ಯಗಳಲ್ಲಿ ಬಳಕೆಯಲ್ಲಿದ್ದ ಗಸ್ ಎಂಬ ವರದಿಗಾರ, ಅಂಗಾಂಶವನ್ನು ದ್ರಾವಣದಲ್ಲಿ ನೆನೆಸಿ ನೀಲಿ ಬಣ್ಣ ಬರಿಸುವ ವಿಧಾನವಾದ್ದರಿಂದ, ಸಾಮಾನ್ಯವಾಗಿ ಅಂಗಾಂಶ ಅಲ್ಲಿಗೆ ಸಾಯುತ್ತಿತ್ತು. 1994ರಲ್ಲಿ ಮಾರ್ಟಿನ್ ಚಾಲ್ಫಿ ಮತ್ತು ಸಂಗಡಿಗರು ಪಾರದರ್ಶಕವಾದ ಪುಟ್ಟ ದುಂಡುಹುಳುವಿನ ಸ್ಪರ್ಶ ನರಕೋಶಗಳನ್ನು, ಹುಳು ಬದುಕಿರುವಾಗಲೇ, ಹಸಿರಾಗಿ ತೋರಿಸಿದರು. ಬೇರೆ ಬೇರೆ ಬಣ್ಣಗಳನ್ನು ರೂಪಿಸಿದ ರೋಜರ್ ಚೆನ್ ಅವರೊಂದಿಗೆ ಶಿಮೊಮುರಾ, ಚಾಲ್ಫಿ ಇಬ್ಬರಿಗೂ 2008ರ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ನಮ್ಮ ಬದುಗಳ ಮಿಂಚುಹುಳುವಿನಲ್ಲೂ ಇರುವ ಲೂಸಿಫೆರೇಸ್ ಕಿಣ್ವದ್ದು ಬೇರೆ ದಾರಿ. ಅದಕ್ಕೆ ಹೊರಗಿನ ಬೆಳಕು ಬೇಡ, ಲೂಸಿಫೆರಿನ್ ಎಂಬ ಪದಾರ್ಥ ಬೇಕು. ಹಸಿರೆಲೆಯಲ್ಲಿ ಇದೊಂದು ಅನುಕೂಲವೇ, ಏಕೆಂದರೆ ನೀಲಿ ಬೆಳಕು ಬಿದ್ದರೆ ಪತ್ರಹರಿತ್ತೂ ತಾನಾಗಿ ಕೆಂಪಗೆ ಹೊಳೆದು ನೋಟವನ್ನು ಕದಡುತ್ತದೆ.

ಬಲ್ಬಿನ ಹೋಲಿಕೆ ಒಂದೆಡೆ ತಪ್ಪುತ್ತದೆ. ಕರೆಂಟು ಹೋದರೆ ಬಲ್ಬು ಆಗಲೇ ಆರುತ್ತದೆ; ಜಿಎಫ್‌ಪಿ ಗಟ್ಟಿ ಪ್ರೋಟೀನಾದ್ದರಿಂದ ಜೀನ್ ಸುಮ್ಮನಾದ ಗಂಟೆಗಳ ನಂತರವೂ ಹೊಳೆಯುತ್ತಿರಬಹುದು. ಬೇಗ ಏರಿಳಿಯುವ ಜೀನ್‌ಗಳಿಗೆ ಅದಕ್ಕೆಂದೇ ಬೇಗ ಕರಗುವ ರೂಪಗಳನ್ನು ಮಾಡಿಕೊಂಡಿದ್ದಾರೆ. ಇನ್ನೊಂದೆಡೆ ಹೋಲಿಕೆ ಸರಿಯಾಗಿಯೇ ಕೂರುತ್ತದೆ: ಬಲ್ಬು ಹೊತ್ತಿದೆ ಎಂದ ಮಾತ್ರಕ್ಕೆ ಕಾಲುವೆಗೆ ನೀರು ಬಿದ್ದಿದೆ ಎಂದಲ್ಲ. ಪ್ರೊಮೋಟರಿಗೆ ಮಾತ್ರ ಜೋಡಿಸಿದ ವರದಿಗಾರ ಸ್ವಿಚ್ಚು ಒತ್ತಿದ್ದನ್ನಷ್ಟೇ ಹೇಳುತ್ತದೆ; ಮೂಲ ಪ್ರೋಟೀನ್ ತಯಾರಾಗಿ ಕೋಶದ ಯಾವ ಮೂಲೆ ಸೇರಿತೆಂದು ನೋಡಬೇಕಾದರೆ ಜಿಎಫ್‌ಪಿಯನ್ನು ಆ ಪ್ರೋಟೀನಿನ ಬಾಲಕ್ಕೇ ಕಟ್ಟಬೇಕಾಗುತ್ತದೆ.